ಕನಕಮ್ಮ ಹೇಳಬೇಕಿದ್ದ ಹೆಸರು

ಕನಕಮ್ಮ ನೀರು ಕುಡಿಯುವ ಮುಂಚೆಯೂ ತಂಬಿಗೆಯ ತಳ ನೋಡುವವಳು. ಸಂತೆಯಲ್ಲಿ ಜೋಳ ಅಳೆಸಿಕೊಂಡರೆ ಸೇರಿನ ಒಳಗೆ ಕೈ ಹಾಕಿ ತಡವುವಳು. ಬಾಗಿಲು ಹಾಕಿ ಓಣಿಯ ತಿರುವಿನ ತನಕ ಹೋದವಳು ಹಿಂದಿರುಗಿ ಬಂದು ಚಿಲಕ ಎಳೆದು ನೋಡುವಳು. ದೇವದುರ್ಗದ ಕುರುಬರ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಮಾತು.

"ಕನಕಮ್ಮನ ಮುಂದ ದೇವರು ಬಂದು ನಿಂತರೂ, ಯಾವೂರಪ್ಪಾ ನಿಂದು ಅಂತ ಕೇಳ್ತಾಳ" ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ನಗುತ್ತಿದ್ದರು.

"ಕೇಳಬೇಕಲ್ಲಬೇ? ಮೋಸ ಮಾಡೋರು ದೇವರ ವೇಷಾನೇ ಹಾಕ್ಕೊಂಡು ಬರ್ತಾರ" ಎಂದು ಅವಳೂ ನಗುತ್ತಿದ್ದಳು.

ಗಂಡ ಬೀರಪ್ಪ ಕುರಿ ಕಾಯುತ್ತಿದ್ದ. ಹಿಂಗಾರಿ ಬೆಳೆ ತೆಗೆದ ಹೊಲಗಳಲ್ಲಿ ಮಂದೆ ತರುಬಿಕೊಂಡು, ವರ್ಷದ ಬಹುಪಾಲು ಮನೆಯ ಹೊರಗೇ ಇರುತ್ತಿದ್ದ. ಮಕ್ಕಳಾಗಲಿಲ್ಲ. ಒಂದು ಬೇಸಿಗೆಯಲ್ಲಿ ಎದೆ ಹಿಡಿದುಕೊಂಡು ಮಂದೆಯ ನಡುವೆಯೇ ಕೂತವನು ಮತ್ತೆ ಏಳಲಿಲ್ಲ. ಅವನು ಬಿಟ್ಟುಹೋದದ್ದು ಒಂದು ಹಳೆಯ ಕಂಬಳಿ, ಮತ್ತು ಅದರ ಮಡಿಕೆಯಲ್ಲಿ ಸುತ್ತಿ ತಂದುಕೊಟ್ಟಿದ್ದ ಒಂದು ಕೆಂಚು ನಾಯಿಮರಿ. ಮರಿ ಬೆಳೆದು ಕೆಂಚನಾಯಿತು. ಕನಕಮ್ಮ ಕುರಿಕೂದಲು ನೂತು, ನೂಲನ್ನು ಮೈದುನ ಯಂಕೋಬನ ಮಗ್ಗಕ್ಕೆ ಹಾಕಿ ಹೊಟ್ಟೆ ಹೊರೆಯುತ್ತಿದ್ದಳು. ಅವಳು ಕದಿರು ತಿರುಗಿಸುತ್ತಿದ್ದರೆ ಕೆಂಚ ಪಕ್ಕದ ಕೂದಲ ರಾಶಿಯ ಮೇಲೆ ಮಲಗಿರುತ್ತಿದ್ದ. ಬಾಗಿಲಿಗೆ ಯಾರೇ ಬಂದರೂ ಇಬ್ಬರೂ ಒಟ್ಟಿಗೆ ತಲೆ ಎತ್ತಿ ನೋಡುವರು. ನೋಟ ಒಂದೇ ತರಹ ಎಂದು ಓಣಿಯವರು ಹಾಸ್ಯ ಮಾಡುತ್ತಿದ್ದರು.

ಅವರ ಮನೆದೇವರು ಮೈಲಾರಲಿಂಗ. ನಾಯಿ ಆ ದೇವರ ಸಂಗಾತಿ. ಹಾಗಾಗಿ ಮನೆಯ ನಾಯಿಯ ಕೊರಳಿಗೆ ಕರಿ ನೂಲಿನ ದಪ್ಪ ಪಟ್ಟಿ ನೇಯ್ದು, ಕವಡೆ ಪೋಣಿಸಿ, ಭಂಡಾರವೆಂಬ ಅರಿಶಿನಪುಡಿ ಹಚ್ಚಿ ಕಟ್ಟುವುದು ಅವರಲ್ಲಿ ರೂಢಿ. ಕಟ್ಟಿದ ಮೇಲೆ ಬಿಚ್ಚುವಂತಿಲ್ಲ. ಅದು ತಾನಾಗಿ ಸವೆದು ಬೀಳಬೇಕು. ಕೆಂಚನ ಪಟ್ಟಿಯನ್ನು ಬೀರಪ್ಪ ಸತ್ತ ವರ್ಷ ಕನಕಮ್ಮನೇ ಹೊಸೆದು ಕಟ್ಟಿದ್ದಳು. ಹಬ್ಬ ಹುಣ್ಣಿಮೆಗೆ ಅದರ ಮೇಲೆಯೇ ಭಂಡಾರ ಹಚ್ಚಿ ಕೈ ಮುಗಿಯುವಳು.

ಎಂಬತ್ತೆರಡರ ಯುಗಾದಿ ಕಳೆದು ಬಿಸಿಲು ಏರಿದಾಗ ಕೆಂಚ ಕುಂಟತೊಡಗಿದ. ಮೊದಲು ಮುಂಗಾಲು. ಮುಳ್ಳು ಹೊಕ್ಕಿರಬೇಕೆಂದು ಅಂಗಾಲು ತಿರುವಿ ನೋಡಿದಳು. ಏನೂ ಇರಲಿಲ್ಲ. ಎರಡು ದಿನಕ್ಕೆ ಕುಂಟು ತಾನಾಗಿಯೇ ಹೋಯಿತು. ವಾರ ಕಳೆಯುವಷ್ಟರಲ್ಲಿ ಹಿಂಗಾಲು ಎಳೆಯತೊಡಗಿದ. ಅದೂ ನೆಟ್ಟಗಾಯಿತು ಅನ್ನುವಾಗ ಇನ್ನೊಂದು ಕಡೆಯ ಮುಂಗಾಲಿನ ಕೀಲು ಊದಿತು. ನೋವು ಮೈಯೊಳಗೆ ಮನೆ ಬದಲಿಸುತ್ತಾ ಓಡಾಡುತ್ತಿದೆ ಎಂದು ಕನಕಮ್ಮನಿಗೆ ಅನಿಸಿತು. ಮೈಯಲ್ಲಿ ಓಡಾಡುವ ನೋವಿಗೆ ಆ ಸೀಮೆಯಲ್ಲಿ ಒಂದೇ ಹೆಸರು, ಭಾನಾಮತಿ. ಕಣ್ಣಿಗೆ ಕಾಣದ ಮಾಟ. ಆ ಹೆಸರನ್ನು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ.

ಮಾಟ ಎಂದ ಮೇಲೆ ಮಾಡಿದವರು ಇರಬೇಕು. ಕನಕಮ್ಮನ ಕಣ್ಣು ಎದುರು ಮನೆಯ ಮೇಲೆ ನಿಂತಿತು.

ಎದುರು ಮನೆಯಲ್ಲಿ ಬಸವಂತಮ್ಮ ಎಂಬ ವಿಧವೆ ಬಾಡಿಗೆಗೆ ಬಂದು ವರ್ಷವೂ ತುಂಬಿರಲಿಲ್ಲ. ಮಾನ್ವಿ ತಾಲೂಕಿನ ಪೋತ್ನಾಳದ ಕಡೆಯವಳು. ಹಪ್ಪಳ, ಸಂಡಿಗೆ, ಶೇಂಗಾ ಹಿಂಡಿ ಮಾಡಿ ಮಾರುತ್ತಿದ್ದಳು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಆದರೆ ದಿನಾ ಸಂಜೆ ಕೆಂಚನನ್ನು ಕರೆದು ರೊಟ್ಟಿ ಚೂರು ಹಾಕುವಳು. ಹಾಕುವಾಗ ಅವಳ ತುಟಿ ಅಲ್ಲಾಡುತ್ತಿದ್ದುದನ್ನು ಕನಕಮ್ಮ ಮುಂಚೆಯೂ ನೋಡಿದ್ದಳು. ಈಗ ಅದನ್ನು ಬೇರೆ ರೀತಿಯಲ್ಲಿ ನೋಡಿದಳು.

"ಏನಬೇ ಬಸವಂತಮ್ಮ, ರೊಟ್ಟಿ ಹಾಕುವಾಗ ಏನೋ ಅಂತಿರ್ತಿಯಲ್ಲ, ಏನದು?" ಎಂದು ಒಂದು ಸಂಜೆ ಕೇಳಿಯೇಬಿಟ್ಟಳು.

"ಯಕ್ಕಾ, ನಾಯಿಗಿ ಏನಂತಾರ? ತಿನ್ನಪ್ಪಾ ತಿನ್ನು ಅಂತೀನಿ."

"ಅಷ್ಟ ಮಾತಿಗಿ ಅಷ್ಟೊತ್ತು ಬೇಕೇನು?"

ಬಸವಂತಮ್ಮ ಕೈಯಲ್ಲಿದ್ದ ಚೂರನ್ನು ಹಾಗೇ ಹಿಡಿದು ನಿಂತಳು. "ಮನ್ಯಾಗ ಮಾತಾಡಾಕ ನನಗ ಮತ್ಯಾರ ಅದಾರ?" ಎಂದು ಒಳಗೆ ಹೋದಳು. ಸಿಟ್ಟಿನಿಂದ ಹೋದಳೋ, ಸಿಕ್ಕಿಬಿದ್ದ ಭಯದಿಂದ ಹೋದಳೋ ಎಂದು ಕನಕಮ್ಮ ಬಹಳ ಹೊತ್ತು ಲೆಕ್ಕ ಹಾಕಿದಳು. ಸಂಶಯಕ್ಕೆ ಬೇರೆ ಮೇವು ಬೇಕಿಲ್ಲ. ಎದುರಿನವರು ಮಾತಾಡಿದರೂ ಅದು ಕೊಬ್ಬುತ್ತದೆ, ಸುಮ್ಮನಿದ್ದರೂ ಕೊಬ್ಬುತ್ತದೆ.

ಮಾನ್ವಿ ಸಂತೆಗೆ ಕಂಬಳಿ ಮಾರಲು ಹೋದ ಯಂಕೋಬ ಸುದ್ದಿ ತಂದ. "ಅತ್ತಿಗಿ, ಆಕಿ ಪೋತ್ನಾಳ ಸುಮ್ಮ ಬಿಟ್ಟಿಲ್ಲ. ಆಕಿ ಇದ್ದ ಓಣ್ಯಾಗ ಎಮ್ಮಿ ಹಾಲಿನ ಬದಲಿ ರಗತ ಹಿಂಡಿದ್ವಂತ. ಊರವರು ಗಂಟು ಕಟ್ಟಿಸಿ ಕಳಿಸ್ಯಾರ."

"ನಿನಗ ಹೇಳಿದವರು ಯಾರು?"

"ಸಂತ್ಯಾಗ ಮಂದಿ ಅಂದ್ರು."

"ಯಾವ ಮಂದಿ?"

"ಮಂದಿ ಅಂದ್ರ ಮಂದಿ. ನಾಯಿ ನಿಂದು, ಗುಮಾನಿ ನಿಂದು, ಈಗ ನನ್ನನ್ನ ಸಾಕ್ಷಿ ಕೇಳಾಕತ್ತೀಯಲ್ಲ!"

ಹೇಳಿದವರ ಹೆಸರಿಲ್ಲದ ಸುದ್ದಿಯನ್ನು ಕನಕಮ್ಮ ಬೇರೆ ದಿನವಾದರೆ ಹೊಸ್ತಿಲಾಚೆಯೇ ನಿಲ್ಲಿಸುತ್ತಿದ್ದಳು. ಅಂದು ಒಳಗೆ ಕರೆದು ಮಣೆ ಹಾಕಿದಳು. ಅವಳಿಗೆ ಅದು ಬೇಕಾಗಿತ್ತು.

ಮರುದಿನ ಬೆಳಿಗ್ಗೆ ಕೆಂಚನ ಮೂಗಿನಿಂದ ರಕ್ತ ಬಂತು. ಏಟಿಲ್ಲ, ಗಾಯವಿಲ್ಲ. ಕೂದಲ ರಾಶಿಯ ಮೇಲೆ ತೊಟತೊಟ ಬಿತ್ತು. ಓಣಿಯೇ ಬಂದು ನೋಡಿತು. ಯಾರೂ ಎದುರು ಮನೆಯತ್ತ ಬೆರಳು ಮಾಡಲಿಲ್ಲ. ಆದರೆ ಎಲ್ಲರೂ ಅತ್ತ ಒಮ್ಮೆ ನೋಡಿ ಹೋದರು. ಅಂದಿನಿಂದ ಬಸವಂತಮ್ಮನ ಹಪ್ಪಳ ಕೊಳ್ಳುವವರಿಲ್ಲವಾದರು. ಅವಳು ಬಾವಿಗೆ ಬಂದರೆ ಉಳಿದವರು ಕೊಡ ಎತ್ತಿಕೊಂಡು ಸರಿಯುವರು.

ಓಣಿಯ ಹಿರಿಯ ವಿರೂಪಣ್ಣ ಕನಕಮ್ಮನನ್ನು ಕರೆಸಿದ. ಅಂಥ ವಿಷಯಕ್ಕೆ ಅಲ್ಲೊಂದು ಕಟ್ಟುಪಾಡು ಇತ್ತು. ನೊಂದ ಮನೆಯವರು ಅಮಾವಾಸ್ಯೆಯ ದಿನ ಮೈಲಾರಲಿಂಗನ ಕಟ್ಟೆಯ ಮೇಲೆ ಭಂಡಾರ ಹಿಡಿದು ಹೆಸರು ಹೇಳಬೇಕು. ಬೇರೆ ಯಾರೂ ಹೇಳುವಂತಿಲ್ಲ. ಹೇಳಿದ ಮೇಲೆ ಹೇಳಿದ್ದೇ ಸರಿ. ಮಾಟ ತೆಗೆಯುವವನು ಬಂದು ಆ ಹೆಸರಿನವಳ ಮುಂದಿನ ಹಲ್ಲು ಕೀಳುವನು. ಹಲ್ಲು ಹೋದ ಬಾಯಿಗೆ ಮಂತ್ರದ ಅಕ್ಷರ ನಿಲ್ಲುವುದಿಲ್ಲವಂತೆ. ಆಮೇಲೆ ಅವಳು ಊರು ಬಿಡಬೇಕು.

"ಯವ್ವಾ ಕನಕಮ್ಮ, ತಗೀವವನಿಗಿ ಹೇಳಿ ಕಳಿಸ್ಯಾನ ಯಂಕೋಬ" ಎಂದ ವಿರೂಪಣ್ಣ. "ಆದ್ರ ಒಂದು ಮಾತು. ಕಂಡದ್ದನ್ನೂ ಪ್ರಮಾಣಿಸಿ ನೋಡು ಅಂದಾರ ಹಿರಿಯರು. ನೀ ಜ್ವಾಳದ ಸೇರಿನ್ಯಾಗ ಕೈ ಹಾಕಿ ನೋಡಾಕಿ. ಇದರಾಗ ಕೈ ಹಾಕಿ ನೋಡೀಯೇನು?"

"ರೊಟ್ಟ್ಯಾಗ ವಿಷ ಹಾಕ್ಯಾಳೋ, ಮಾಟಾನೇ ಮಾಡ್ಯಾಳೋ, ಎರಡರಾಗ ಒಂದು ಯಪ್ಪಾ. ಆಕಿ ಕೈ ಅಂತೂ ಅದ."

"ವಿಷ ಆದ್ರ ದವಾಖಾನ್ಯಾಗ ಹೇಳ್ತಾರ. ಅಮಾಸಿಗಿ ಇನ್ನೂ ದಿನ ಅದ."

ಕನಕಮ್ಮನಿಗೆ ಮಾತು ಹಿಡಿಸಿತು. ವಾಸಿ ಮಾಡಿಸಿಕೊಳ್ಳಲು ಅಲ್ಲ, ವಿಷ ಎಂದು ಡಾಕ್ಟರ ಬಾಯಿಂದಲೇ ಹೇಳಿಸಿಕೊಂಡು ಬರಲು ಅವಳು ರಾಯಚೂರಿಗೆ ಹೊರಟಳು. ಕೆಂಚನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಬಸ್ಸು ಹತ್ತಿದಳು.

"ನಾಯಿಗಿ ಜಾಗ ಇಲ್ಲಬೇ, ಇಳಿ" ಎಂದ ಕಂಡಕ್ಟರ್.

"ಬರೇ ನಾಯಿ ಅಲ್ಲೋ ಯಪ್ಪಾ, ಮೈಲಾರಲಿಂಗನ ನಾಯಿ. ಪಟ್ಟಿ ನೋಡು."

ಅವನು ಕವಡೆ ನೋಡಿ ಹಣೆ ಮುಟ್ಟಿಕೊಂಡ. "ಹಂಗಾರ ಹಿಂದಿನ ಸೀಟಿಗಿ ಹೋಗು. ಯಾರಿಗಾರ ಕಚ್ಚಿದ್ರ ದೇವರನ್ನ ಹಿಡಿಯಾಕ ಆಗಲ್ಲ, ನಿನ್ನನ್ನ ಹಿಡೀತೀನಿ."

ಕಚ್ಚಲು ಕೆಂಚನಿಗೆ ತ್ರಾಣವಿರಲಿಲ್ಲ. ಗಬ್ಬೂರು ದಾಟುವ ತನಕ ಅವಳ ತೊಡೆಯ ಮೇಲೆ ಏದುಸಿರು ಬಿಡುತ್ತಾ ಮಲಗಿದ್ದ.

ದನದ ದವಾಖಾನೆಯಲ್ಲಿ ಎತ್ತು ಎಮ್ಮೆಗಳ ನಡುವೆ ಇವಳೊಬ್ಬಳೇ ನಾಯಿ ಹೊತ್ತವಳು. ಡಾಕ್ಟರು ಮೈಸೂರು ಕಡೆಯವರು, ಮೆಲುಮಾತಿನವರು. ಕೆಂಚನ ತುಟಿ ಎತ್ತಿ ವಸಡು ನೋಡಿದರು. ಸುಣ್ಣದಂತೆ ಬಿಳಿಚಿತ್ತು. ಹೊಟ್ಟೆಯ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆಗಳಿದ್ದವು. ಕಾಲು ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತಿತ್ತು.

"ನೀರು ಜಾಸ್ತಿ ಕುಡೀತಾನಾ? ಉಚ್ಚೆ ನೊರೆ ನೊರೆ ಇದೆಯಾ?"

"ಹೌದ್ರಿ. ವಿಷ ಹಾಕ್ಯಾರ್ರಿ ಸಾಹೇಬ್ರ. ನೀವು ಅಷ್ಟು ಹೇಳಿಬಿಡ್ರಿ ಸಾಕು."

"ವಿಷ ಆದ್ರೆ ಇಷ್ಟು ದಿನ ಕುಂಟಿಸಲ್ಲಮ್ಮ. ಈ ಪಟ್ಟಿ ಬಿಚ್ಚಬೇಕು."

"ಬಿಚ್ಚಾಕ ಬರಂಗಿಲ್ಲರಿ. ದೇವರದು."

"ಗಂಟು ಹೇಗೂ ಬಿಚ್ಚೋ ಹಾಗಿಲ್ಲ, ಕತ್ತರಿಸ್ತೀನಿ. ನೀವು ಅವನ ತಲೆ ಹಿಡ್ಕೊಳ್ಳಿ."

ಬೇಡವೆನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಕೆಂಚ ನರಳಿದ. ಅವಳು ಮನಸ್ಸಿನಲ್ಲೇ ಮೈಲಾರಲಿಂಗನಿಗೆ ಕ್ಷಮೆ ಕೇಳಿ ತಲೆ ಹಿಡಿದುಕೊಂಡಳು. ಕತ್ತರಿ ಆಡಿತು. ಪಟ್ಟಿ ಮಗುಚಿ ಬಿತ್ತು. ಅದರ ಒಳಮೈ ತುಂಬ ಹರಳು ಬೀಜದಂತೆ ಊದಿದ ಉಣ್ಣಿಗಳು. ಒಂದರ ಪಕ್ಕ ಒಂದು, ಒಂದರ ಮೇಲೊಂದು. ಕೊರಳಿನ ಚರ್ಮ ಕೂದಲು ಉದುರಿ ಹುಣ್ಣಾಗಿತ್ತು. ಅಲ್ಲೂ ಉಣ್ಣಿ.

"ಇದರಿಂದ ಬಂದ ಜ್ವರ" ಎಂದರು ಡಾಕ್ಟರು. "ಉಣ್ಣಿ ರಕ್ತ ಕುಡಿಯೋದಷ್ಟೇ ಅಲ್ಲ, ರೋಗಾನೂ ಒಳಗೆ ಬಿಡುತ್ತೆ. ಕೀಲು ಹಿಡಿಯುತ್ತೆ, ಮೂಗಲ್ಲಿ ರಕ್ತ ಬರುತ್ತೆ, ಕೊನೆಗೆ ಕಿಡ್ನಿ ಕೆಡುತ್ತೆ. ಮೊದಲೇ ಬಂದಿದ್ರೆ ಸುಲಭವಿತ್ತು. ಸೂಜಿ ಹಾಕ್ತೀನಿ, ಮಾತ್ರೆ ಕೊಡ್ತೀನಿ. ಆದ್ರೆ ಉಳೀತಾನೆ ಅಂತ ಖಾತ್ರಿ ಹೇಳಲಾರೆ."

"ಖಾತ್ರಿ ಇಲ್ಲಂದ್ರ ಉಣ್ಣಿ ಅಂತ ಮಾತ್ರ ಹೆಂಗ ಖಾತ್ರಿ ಹೇಳ್ತೀರಿ? ನಮ್ಮ ಮಾವನ ಕಾಲದಿಂದ ನಾಯಿಗೋಳಿಗಿ ಉಣ್ಣಿ ಅದಾವ."

ಡಾಕ್ಟರಿಗೆ ಸಿಟ್ಟು ಬರಲಿಲ್ಲ. "ಆಗ ಯಾರಾದ್ರೂ ಕಿತ್ತು ಹಾಕ್ತಿದ್ರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಗೆ ಮಲಗಿದ್ದ ಎಮ್ಮೆಯತ್ತ ನಡೆದರು.

ತಿರುಗಿ ಬರುವಾಗ ದಾರಿಯುದ್ದಕ್ಕೂ ಕನಕಮ್ಮ ಡಾಕ್ಟರನ್ನೇ ಅನುಮಾನಿಸಿದಳು. ಹರೆಯದವನು, ಓದಿ ಬಂದವನು, ಭಾನಾಮತಿ ಎಂದರೆ ನಗುವವನು. ಅವನಿಗೇನು ಗೊತ್ತು? ಆದರೆ ಅವನ ಕೊನೆಯ ಪ್ರಶ್ನೆ ಬಟ್ಟೆಗೆ ಹತ್ತಿದ ಮುಳ್ಳಿನ ಹಾಗೆ ಜೊತೆಗೇ ಬಂತು. ಕಿತ್ತು ಹಾಕುತ್ತಿದ್ದರು. ಬೀರಪ್ಪ ಮಂದೆ ತರುಬಿದ ಮೇಲೆ ಕತ್ತಲಾಗುವ ಮುಂಚೆ ನಾಯಿಗಳನ್ನು ಒಂದೊಂದಾಗಿ ಕಾಲ ನಡುವೆ ಹಿಡಿದು, ಕಿವಿ, ಬೆರಳ ಸಂದು, ಕೊರಳು ತಡವಿ ಉಣ್ಣಿ ಕಿತ್ತು ಒಲೆಗೆ ಹಾಕುತ್ತಿದ್ದ. ಚಟಪಟ ಸಿಡಿಯುತ್ತಿದ್ದವು. ಅವಳು ಬುತ್ತಿ ಒಯ್ದಾಗ ಕಣ್ಣಾರೆ ನೋಡಿದ್ದಳು. ಅವನು ಹೋದ ಮೇಲೆ ಕೆಂಚನ ಕೊರಳು ತಡವಿದವರು ಯಾರು? ಅವಳು ಭಂಡಾರ ಹಚ್ಚಿದ್ದಳು. ಪಟ್ಟಿಯ ಮೇಲೆ.

ಮನೆಗೆ ಬಂದು ಕೂದಲ ರಾಶಿ ಸರಿಸಿದಳು. ಮಣ್ಣಿನ ಗೋಡೆಯ ಬಿರುಕಿನಲ್ಲಿ ಬೆಳಕು ಬಿದ್ದ ಕಡೆ ಏನೋ ಸರಿದಾಡಿತು. ಕಡ್ಡಿ ತೂರಿಸಿದಳು. ಉಣ್ಣಿ ಮರಿಗಳು ನುಚ್ಚಿನ ಹಾಗೆ ಉದುರಿದವು.

ಆಮೇಲಿನ ದಿನಗಳು ಅವಳಿಗೆ ಬಹಳ ಕಷ್ಟದವು. ಬಸವಂತಮ್ಮ ಮಾಡಿದ್ದು ಎಂದರೆ ದುಃಖಕ್ಕೆ ಒಂದು ಮುಖವಿತ್ತು, ಬೈಯಲು ಒಂದು ಬಾಗಿಲಿತ್ತು. ಉಣ್ಣಿ ಎಂದರೆ ಎದುರು ನಿಲ್ಲುವವಳು ತಾನೇ. ಮಾತ್ರೆಯನ್ನು ರೊಟ್ಟಿಯಲ್ಲಿ ಮುಚ್ಚಿ ಕೆಂಚನಿಗೆ ತಿನ್ನಿಸುತ್ತಾ ಅವಳು ದೇವರ ಮುಂದೆ ದಿನವೂ ವಾದ ಮಾಡಿದಳು. ಎರಡೂ ಇರಬಾರದೇಕೆ? ಉಣ್ಣಿಯನ್ನು ಕಳಿಸಿದವಳೇ ಅವಳಾಗಿರಬಾರದೇಕೆ? ಯಂಕೋಬನೂ ಅದನ್ನೇ ಹೇಳಿದ. "ಉಣ್ಣಿ ಎಲ್ಲಾ ನಾಯಿಗಿ ಅದಾವ ಅತ್ತಿಗಿ. ನಿನ್ನ ನಾಯಿಗೇ ಯಾಕ ಹಿಂಗಾತು? ಅದನ್ನ ಹೇಳು."

ಅವಳಿಗೆ ಉತ್ತರ ಗೊತ್ತಿತ್ತು. ಬೇರೆ ನಾಯಿಗಳ ಕೊರಳು ತಡವುವವರು ಇದ್ದರು.

ಅಮಾವಾಸ್ಯೆಯ ಮಧ್ಯಾಹ್ನ ಕಟ್ಟೆಯ ಸುತ್ತ ಜನ ನೆರೆದರು. ಮಾಟ ತೆಗೆಯುವವನು ಬೇವಿನ ನೆರಳಿಗೆ ಕೂತು ಬೀಡಿ ಸೇದುತ್ತಿದ್ದ. ಅವನ ಚೀಲದ ಬಾಯಿಂದ ಕಬ್ಬಿಣದ ಇಕ್ಕಳದ ಹಿಡಿ ಕಾಣುತ್ತಿತ್ತು. ಬಸವಂತಮ್ಮನನ್ನು ಕರೆತಂದು ಕೂರಿಸಿದ್ದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿರಲಿಲ್ಲ. ಕನಕಮ್ಮನನ್ನೇ ನೋಡುತ್ತಿದ್ದಳು.

ವಿರೂಪಣ್ಣ ಭಂಡಾರ ಕೊಟ್ಟ. "ಯವ್ವಾ, ದೇವರ ಮುಂದ ಹೇಳು. ನಾಯಿಗಿ ಕೇಡು ಮಾಡಿದ ಕೈ ಯಾರದು?"

ಒಂದು ಹೆಸರು ಹೇಳಿದರೆ ಸಾಕು, ಓಣಿಯೆಲ್ಲ ತನ್ನ ಬೆನ್ನಿಗೆ. ಕನಕಮ್ಮ ಕಟ್ಟೆಯ ಮೇಲಿನ ಕಲ್ಲುದೇವರ ಕಡೆ ನೋಡಿದಳು. ಅವನ ಮುಂದೆ ಅವಳು ಎಂದೂ ಸುಳ್ಳು ಆಡಿದವಳಲ್ಲ.

"ನನ್ನ ಕೈ" ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಅವಳು ಸೊಂಟದಲ್ಲಿ ಸಿಕ್ಕಿಸಿದ್ದ ಬಟ್ಟೆಯ ಗಂಟು ಬಿಚ್ಚಿ ಕತ್ತರಿಸಿದ ಪಟ್ಟಿಯನ್ನು ಕಟ್ಟೆಯ ಮೇಲೆ ಹಾಸಿದಳು. ಸತ್ತ ಉಣ್ಣಿಗಳು ಇನ್ನೂ ಅಂಟಿಕೊಂಡಿದ್ದವು. "ಇದನ್ನ ಹೊಸೆದಾಕಿ ನಾನು, ಕಟ್ಟಿದಾಕಿ ನಾನು. ಒಳಗ ಏನದ ಅಂತ ಒಂದು ದಿನ ಕೈ ಹಾಕಿ ನೋಡದಾಕೀನೂ ನಾನು. ಈ ಹುಳದ ಜ್ವರ ಅಂದಾರ ರಾಯಚೂರಾಗ. ಬಸವಂತಮ್ಮ ಹಾಕಿದ್ದು ರೊಟ್ಟಿ ಅಷ್ಟ."

"ದೇವರ ಪಟ್ಟಿ ಕತ್ತರಿಸಿದವರು ಯಾರು?" ಯಂಕೋಬ ಎದ್ದು ನಿಂತ.

"ಕತ್ತರಿ ಡಾಕ್ಟರದು. ತಲಿ ಹಿಡದಾಕಿ ನಾನು."

"ನೋಡ್ರಿ ಮತ್ತ! ಈಕಿ ಮ್ಯಾಲೇ ದೇವರ ಸಿಟ್ಟು ಅದ. ಓಣಿಗಿ ಕೇಡು ತರ್ತಾಳ ಈಕಿ!"

ಜನರಲ್ಲಿ ಗುಸುಗುಸು ಎದ್ದಿತು. ಇಷ್ಟು ದಿನ ಎದುರು ಮನೆಯತ್ತ ತಿರುಗುತ್ತಿದ್ದ ಕಣ್ಣುಗಳು ಈಗ ಕನಕಮ್ಮನ ಮೇಲೆ ನೆಟ್ಟವು. ಆ ನೋಟ ಎಷ್ಟು ತೂಕದ್ದು ಎಂದು ಅವಳಿಗೆ ಆವತ್ತು ತಿಳಿಯಿತು. ಮಾಟ ತೆಗೆಯುವವನು ಬೀಡಿ ಆರಿಸಿ, "ಯಾರದರ ಒಂದು ಹಲ್ಲು ಹೇಳ್ರಿ, ನನಗ ಬಸ್ಸಿಗಿ ಹೊತ್ತಾಗ್ತದ" ಎಂದ.

ವಿರೂಪಣ್ಣ ಅವನ ಚೀಲವನ್ನು ತಾನೇ ಎತ್ತಿ ಅವನ ಕೈಗಿಟ್ಟ. "ಹೆಸರು ಹೇಳಿದ್ಲು, ಕಟ್ಟುಪಾಡು ಮುಗೀತು. ತನ್ನ ನಾಯಿಗಿ ತಾನೇ ಮಾಟ ಮಾಡಿಕೊಂಡಾರನ್ನ ನಾ ಎಲ್ಲೂ ಕೇಳಿಲ್ಲ. ನಡಿಯಪ್ಪಾ."

ಬಸವಂತಮ್ಮ ಎದ್ದು ಯಾರತ್ತವೂ ನೋಡದೆ ಮನೆಗೆ ಹೋದಳು. ಕನಕಮ್ಮ ಹಿಂದೆಯೇ ಹೋಗಿ ಹೊಸ್ತಿಲ ಹೊರಗೆ ನಿಂತು, "ತಂಗೀ, ತಪ್ಪಾತು" ಎಂದಳು.

ಒಳಗಿಂದ ಮಾತು ಬಂತು. "ಆಣಿ ಮಾಡೋ ಹೊತ್ತಿಗಿ ನಿನ್ನ ಮನಸ್ಸು ತಿರುಗಿತು ಯಕ್ಕಾ. ತಿರುಗದಿದ್ದರ? ಅದನ್ನ ನಾ ಹೆಂಗ ಮರೀಲಿ?" ಬಾಗಿಲು ಮುಚ್ಚಿತು.

ಕೆಂಚ ಸೂಜಿಯ ಬಲದಿಂದ ಕೆಲವು ದಿನ ಚೇತರಿಸಿದ. ಕುಂಟು ಪೂರ್ತಿ ಹೋಯಿತು. ಒಮ್ಮೆ ಬಾಲವನ್ನೂ ಅಲ್ಲಾಡಿಸಿದ. ಆಮೇಲೆ ಹೊಟ್ಟೆ, ಕಾಲು ಊದಿದವು. ಅನ್ನ ಮೂಸಿ ಬಿಟ್ಟ. ಮುಂಗಾರು ಮೋಡ ಕಟ್ಟುತ್ತಿದ್ದ ಒಂದು ಬೆಳಿಗ್ಗೆ ಅವಳ ಕಾಲ ಬಳಿ ತಲೆಯಿಟ್ಟು ಹೋಗಿಬಿಟ್ಟ. ಬೀರಪ್ಪ ಬಿಟ್ಟುಹೋಗಿದ್ದ ಕಂಬಳಿಯಲ್ಲೇ ಸುತ್ತಿ, ಹೊಲದ ಬದುವಿನಲ್ಲಿ ಹೂತು ಬಂದಳು.

ಯಂಕೋಬ ಅವಳ ನೂಲು ಕೊಳ್ಳುವುದನ್ನು ಬಿಟ್ಟ. ದೇವರ ಪಟ್ಟಿ ಕತ್ತರಿಸಿದ ಕೈಯ ನೂಲು ಬೇಡವೆಂದ. ಅವಳು ಪಕ್ಕದ ಓಣಿಯ ಮಗ್ಗಕ್ಕೆ ನೂಲತೊಡಗಿದಳು. ಬಾವಿಕಟ್ಟೆಯಲ್ಲಿ ಕೆಲವರು ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ದೇವರ ಮೇಲಿನ ಭಕ್ತಿ ಮಾತ್ರ ಅವಳಲ್ಲಿ ಒಂದು ಎಳೆಯೂ ಸಡಿಲವಾಗಲಿಲ್ಲ. ಭಂಡಾರವನ್ನು ಹಣೆಗೆ ಹಚ್ಚುವಳು, ಕೈ ತೊಳೆದು ಕೆಲಸಕ್ಕೆ ಕೂರುವಳು.

ಮರುವರ್ಷ ಮಂದೆಯವರಿಂದ ಒಂದು ಕಪ್ಪು ಹೆಣ್ಣು ನಾಯಿಮರಿ ತಂದಳು. ಗೋಡೆಯ ಬಿರುಕುಗಳಿಗೆ ಮಣ್ಣು ಮೆತ್ತಿ ಸುಣ್ಣ ಬಳಿದಳು. ಪ್ರತಿ ಸಂಜೆ ಓಣಿಯ ನಡುವೆ, ಎಲ್ಲರಿಗೂ ಕಾಣುವಂತೆ ಕೂತು, ಚಿಮಣಿಎಣ್ಣೆಯ ಪರಟೆ ಪಕ್ಕಕ್ಕಿಟ್ಟು, ಮರಿಯ ಕೂದಲು ಬಿಡಿಸಿ ಬಿಡಿಸಿ ಉಣ್ಣಿ ಹೆಕ್ಕುವಳು. ಎದುರು ಬಾಗಿಲಲ್ಲಿ ಬಸವಂತಮ್ಮ ಸಂಡಿಗೆ ಹಿಟ್ಟು ನಾದುತ್ತಾ ಕೂತಿರುತ್ತಿದ್ದಳು. ಮರಿ ಅವಳತ್ತ ಓಡಿದರೆ ಎದ್ದು ಒಳಗೆ ಹೋಗುವಳು. ಯಾವ ನಾಯಿಗೂ ಅವಳು ಮತ್ತೆ ರೊಟ್ಟಿ ಹಾಕಲಿಲ್ಲ. ಇಬ್ಬರ ನಡುವೆ ಮಾತೂ ಇರಲಿಲ್ಲ.

ಹೀಗೆ ಒಂದು ಮಳೆಗಾಲ ಹೋಗಿ ಇನ್ನೊಂದು ಬಂತು. ಒಂದು ಸಂಜೆ ಕನಕಮ್ಮ ಕೆಲಸ ಮುಗಿಸಿ ಪರಟೆ ಎತ್ತಿಕೊಂಡು ಏಳುವಾಗ ಎದುರಿನಿಂದ ದನಿ ಬಂತು.

"ಬಲಗಿವಿ ಒಳಗ ಒಂದು ಉಳದದ, ನೋಡು."

ಕನಕಮ್ಮ ತಟ್ಟನೆ ತಲೆ ಎತ್ತಿದಳು. ಅಷ್ಟು ದೂರದಿಂದ ಇವಳಿಗೆ ಹೇಗೆ ಕಂಡಿತು ಎಂದು ಮನಸ್ಸು ಕೇಳಿಯೇಬಿಟ್ಟಿತು. ಬಸವಂತಮ್ಮ ಆಗಲೇ ಹಿಟ್ಟಿನ ಕಡೆ ಮುಖ ತಿರುಗಿಸಿದ್ದಳು.

ಕನಕಮ್ಮ ಮತ್ತೆ ಕೂತು ಮರಿಯ ಕಿವಿ ಮಗುಚಿದಳು. ಇತ್ತು. ಎಳ್ಳಿನಷ್ಟು ಸಣ್ಣದು. ಉಗುರಿನಿಂದ ಬಿಡಿಸಿ ಎಣ್ಣೆಗೆ ಹಾಕಿದಳು.

"ಸಿಕ್ಕಿತಬೇ" ಎಂದಳು.

ಎದುರು ಬಾಗಿಲು ಅಂದು ಕತ್ತಲಾಗುವ ತನಕ ತೆರೆದೇ ಇತ್ತು.